ಸಿಗರೇಟನ್ನೇ ಮುಟ್ಟದ ಅಮ್ಮನ ಶ್ವಾಸಕೋಶದಲ್ಲಿ ಮಸುಕು ಗಂಟು: ಅದು ಒಳನುಗ್ಗುವ ಕ್ಯಾನ್ಸರ್ ಆಗುವುದು ಹೇಗೆ, ಯಾವಾಗ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದನ್ನೂ ಮುಟ್ಟಿದವರಲ್ಲ. ಮದುವೆಯಾದ ಮೇಲೆ ಸುಮಾರು ಇಪ್ಪತ್ತು ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದ್ದಾರೆ. ಬೇರೆ ಕಾರಣಕ್ಕೆ ಮಾಡಿಸಿದ ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ 9 ಮಿ.ಮೀ. ‘ಪ್ಯೂರ್ ಗ್ರೌಂಡ್ ಗ್ಲಾಸ್ ನಾಡ್ಯೂಲ್’ ಇದೆ ಎಂದು ವರದಿ ಬಂದಿದೆ. ಆರಂಭದ ಕ್ಯಾನ್ಸರ್ ಇರಬಹುದು, ಆದರೂ ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎನ್ನುತ್ತಾರೆ ವೈದ್ಯರು. ಕ್ಯಾನ್ಸರ್ ಇರಬಹುದು ಎಂದ ಮೇಲೆ ಕಾಯುವುದು ಯಾಕೆ? ಅಷ್ಟರಲ್ಲಿ ಹರಡಿಬಿಟ್ಟರೆ? ಧೂಮಪಾನ ಮಾಡದವರಲ್ಲಿ ಇದು ಬೆಳೆಯುವ ಬಗೆಯೇ ಬೇರೆಯೇ? ಮಕ್ಕಳಾದ ನಾವೂ ಸ್ಕ್ಯಾನ್ ಮಾಡಿಸಿಕೊಳ್ಳಬೇಕೇ?

ಉತ್ತರ: ಹರಡುವ ಭಯದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಒಳಗೆ ಗಟ್ಟಿ ಭಾಗವೇ ಇಲ್ಲದ 9 ಮಿ.ಮೀ. ಗ್ರೌಂಡ್ ಗ್ಲಾಸ್ ಗಂಟು ಆರು ತಿಂಗಳಲ್ಲಿ ದುಗ್ಧಗ್ರಂಥಿಗೋ ಮಿದುಳಿಗೋ ಮೂಳೆಗೋ ಹರಡುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ವೈದ್ಯರ ಸಲಹೆ ಸರಿಯಾಗಿದೆ. ಆದರೆ ‘ಕಾಯೋಣ’ ಎಂದಾಗ ಹೆದರಿ ಮರುವಾರವೇ ಆಪರೇಷನ್ ಮಾಡಿಸುವವರಿದ್ದಾರೆ, ಸ್ಕ್ಯಾನನ್ನು ಬೀರುವಿನಲ್ಲಿಟ್ಟು ಮೂರು ವರ್ಷ ಮರೆಯುವವರೂ ಇದ್ದಾರೆ. ಯಾವ ಬದಲಾವಣೆಗಾಗಿ ಕಾಯುತ್ತಿದ್ದೇವೆ ಎಂಬುದು ತಿಳಿದಿದ್ದರೆ ಎರಡೂ ತಪ್ಪುಗಳನ್ನು ತಪ್ಪಿಸಬಹುದು.

ಗ್ರೌಂಡ್ ಗ್ಲಾಸ್ ಎಂದರೆ ಉಜ್ಜಿ ಮಸುಕು ಮಾಡಿದ ಗಾಜು, ಸ್ನಾನದ ಮನೆಯ ಕಿಟಕಿಗೆ ಹಾಕುತ್ತಾರಲ್ಲ, ಅಂಥದು. ಸಿಟಿ ಚಿತ್ರದಲ್ಲಿ ಆ ಜಾಗ ಬೂದಿ ಬಣ್ಣಕ್ಕಿರುತ್ತದೆ, ಆದರೆ ಅದರ ಹಿಂದಿನ ರಕ್ತನಾಳಗಳು ಕಾಣುತ್ತಲೇ ಇರುತ್ತವೆ. ಹೀಗೆ ಕಾಣುವುದಕ್ಕೆ ಕಾರಣ, ಅಲ್ಲಿಯ ಗಾಳಿಚೀಲಗಳಲ್ಲಿ ಇನ್ನೂ ಗಾಳಿ ಉಳಿದಿರುವುದು. ಗೋಡೆಗಳು ದಪ್ಪವಾಗಿವೆ, ಕುಸಿದಿಲ್ಲ. ರಕ್ತನಾಳವನ್ನು ಮರೆಮಾಡುವಷ್ಟು ಬಿಳಿಯಾಗಿ ಕಂಡರೆ ಅದು ಗಟ್ಟಿ ಭಾಗ. ಒಂದೇ ಗಂಟಿನಲ್ಲಿ ಎರಡೂ ಇದ್ದರೆ ಅದನ್ನು ಪಾರ್ಟ್-ಸಾಲಿಡ್ ಎನ್ನುತ್ತಾರೆ. ಈ ಬೂದಿ ಮತ್ತು ಬಿಳಿಯ ವ್ಯತ್ಯಾಸವನ್ನು ನೆನಪಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಇಂಥ ಮಸುಕೆಲ್ಲ ಕ್ಯಾನ್ಸರ್ ಅಲ್ಲ. ವೈರಸ್ ಸೋಂಕು, ಸಣ್ಣ ರಕ್ತಸ್ರಾವ, ಅಲರ್ಜಿಯ ಉರಿಯೂತ ಎಲ್ಲವೂ ಸ್ಕ್ಯಾನ್‌ನಲ್ಲಿ ಇದೇ ರೂಪದಲ್ಲಿ ಕಾಣಬಹುದು, ಕೆಲವು ತಿಂಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಆರು ತಿಂಗಳ ಸ್ಕ್ಯಾನ್‌ನ ಮೊದಲ ಕೆಲಸ ಇವುಗಳನ್ನು ಜರಡಿ ಹಿಡಿಯುವುದು. ಆ ಜಾಗದಲ್ಲೇ ಹಾಗೆಯೇ ಉಳಿದ ಗಂಟನ್ನು ಮಾತ್ರ ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶ ಕ್ಯಾನ್ಸರಿನ ಹಾದಿಯ ಯಾವುದೋ ಮೆಟ್ಟಿಲು ಎಂದು ಭಾವಿಸುತ್ತೇವೆ. ನಡುವೆ ಆ್ಯಂಟಿಬಯಾಟಿಕ್ ಕೊಟ್ಟು ನೋಡುವುದರಿಂದ ಲಾಭವಿಲ್ಲ.

ಇನ್ನು ಅದು ಬೆಳೆಯುವ ಬಗೆ. ಧೂಮಪಾನ ಮಾಡದವರು ಎಂದರೆ ಜೀವಮಾನದಲ್ಲಿ 100ಕ್ಕಿಂತ ಕಡಿಮೆ ಸಿಗರೇಟು ಸೇದಿದವರು ಎಂದು ಲೆಕ್ಕ. ಜಗತ್ತಿನ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಶೇ. 10ರಿಂದ 25ರಷ್ಟು ಇಂಥವರು. ಏಷ್ಯಾದ ಮಹಿಳೆಯರಲ್ಲಿ ಪ್ರಮಾಣ ಇನ್ನೂ ಬಹಳ ಹೆಚ್ಚು. ಇವರಿಗೆ ಬರುವುದು ಬಹುಪಾಲು ಅಡಿನೋಕಾರ್ಸಿನೋಮ. ಗಾಳಿಚೀಲದ ಒಳಗೋಡೆಯಲ್ಲಿ ಟೈಪ್-2 ಎಂಬ ಜೀವಕೋಶಗಳಿವೆ. ಗಾಳಿಚೀಲ ಅಂಟಿಕೊಳ್ಳದಂತೆ ಸರ್ಫ್ಯಾಕ್ಟಂಟ್ ಸ್ರವಿಸುವುದು ಮತ್ತು ಗೋಡೆಗೆ ಪೆಟ್ಟು ಬಿದ್ದಾಗ ವಿಭಜನೆಗೊಂಡು ರಿಪೇರಿ ಮಾಡುವುದು ಇವುಗಳ ಕೆಲಸ. ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಈ ರಿಪೇರಿ ಕೆಲಸದವರಲ್ಲೇ.

ಸಿಗರೇಟು ಸೇದುವವರ ಗೆಡ್ಡೆಯಲ್ಲಿ ಹೊಗೆಯ ರಾಸಾಯನಿಕಗಳು ಡಿಎನ್‌ಎ ತುಂಬ ಗೀರು ಹಾಕಿರುತ್ತವೆ. ಸೇದದವರಲ್ಲಿ ಗೀರುಗಳು ಬಹಳ ಕಡಿಮೆ, ಆದರೆ ಒಂದೇ ಒಂದು ಬದಲಾವಣೆ ಇಡೀ ಬೆಳವಣಿಗೆಯ ಚುಕ್ಕಾಣಿ ಹಿಡಿದಿರುತ್ತದೆ. ಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಇಜಿಎಫ್‌ಆರ್ ಜೀನ್‌ನ ದೋಷ ಅವುಗಳಲ್ಲಿ ಮುಖ್ಯ: ಆ ಜೀನ್‌ನ 19ನೇ ಎಕ್ಸಾನ್‌ನಲ್ಲಿ, ಅಂದರೆ 19ನೇ ಖಂಡದಲ್ಲಿ, ಒಂದು ತುಣುಕು ಬಿಟ್ಟುಹೋಗುವುದು, ಇಲ್ಲವೇ 21ನೇ ಎಕ್ಸಾನ್‌ನ ಎಲ್858ಆರ್ ಎಂಬ ಬದಲಾವಣೆ. ಪೂರ್ವ ಏಷ್ಯಾದ ಧೂಮಪಾನ ಮಾಡದ ಅಡಿನೋಕಾರ್ಸಿನೋಮ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇದು ಸಿಗುತ್ತದೆ. ಉಳಿದ ಹಲವರಲ್ಲಿ ಎಎಲ್‌ಕೆ, ಆರ್‌ಒಎಸ್1, ರೆಟ್ ಜೀನ್‌ಗಳು ಬೇರೊಂದು ಜೀನ್‌ಗೆ ಅಂಟಿಕೊಳ್ಳುವ ಬೆಸುಗೆ ಅಥವಾ ಹರ್2 ಜೀನ್‌ನ ದೋಷ.

ಈ ಚಾಲಕ ದೋಷವೊಂದೇ ಕ್ಯಾನ್ಸರ್ ಆಗಲು ಸಾಲದು. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಕ್ಯಾನ್ಸರ್ ಇಲ್ಲದ ಶ್ವಾಸಕೋಶದ ಅಂಗಾಂಶದ 295 ಮಾದರಿಗಳನ್ನು ಅತಿ ಸೂಕ್ಷ್ಮವಾಗಿ ಓದಿದಾಗ ಶೇ. 18ರಲ್ಲಿ ಇಜಿಎಫ್‌ಆರ್ ದೋಷವೂ ಶೇ. 53ರಲ್ಲಿ ಕೆರಾಸ್ ಎಂಬ ಇನ್ನೊಂದು ಜೀನ್‌ನ ದೋಷವೂ ಸಿಕ್ಕವು. ಅಂದರೆ ವಯಸ್ಸಾಗುತ್ತಾ ಅನೇಕರ ಶ್ವಾಸಕೋಶದಲ್ಲಿ ಈ ಬೀಜ ಬಿದ್ದಿರುತ್ತದೆ, ಹೆಚ್ಚಿನವರಲ್ಲಿ ಮೊಳೆಯುವುದೇ ಇಲ್ಲ. ಮೊಳೆಯಿಸುವುದು ಯಾವುದು? 2.5 ಮೈಕ್ರಾನಿಗಿಂತ ಚಿಕ್ಕ ದೂಳು, ಅಂದರೆ ಪಿಎಂ 2.5, ಗಾಳಿಚೀಲದವರೆಗೂ ಇಳಿಯುತ್ತದೆ. ಅಲ್ಲಿಯ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಅದನ್ನು ನುಂಗಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತ ಬಿಡುತ್ತವೆ. ಅದನ್ನು ಕೇಳಿದ ಟೈಪ್-2 ಕೋಶಗಳು ರಿಪೇರಿಗೆ ಎದ್ದು ನಿಲ್ಲುತ್ತವೆ; ಅವುಗಳಲ್ಲಿ ಇಜಿಎಫ್‌ಆರ್ ದೋಷ ಹೊತ್ತ ಕೋಶವೂ ಇದ್ದರೆ ಅದು ಕೆಲಸ ಮುಗಿದ ಮೇಲೂ ನಿಲ್ಲುವುದಿಲ್ಲ. ಇಲಿಗಳಲ್ಲಿ ಆ ಸಂಕೇತವನ್ನು ಆ್ಯಂಟಿಬಾಡಿಯಿಂದ ತಡೆದಾಗ ಗೆಡ್ಡೆ ಏಳುವುದು ತಗ್ಗಿತು. ಇಂಗ್ಲೆಂಡ್, ದಕ್ಷಿಣ ಕೊರಿಯಾ, ತೈವಾನ್‌ಗಳ ದಾಖಲೆಗಳಲ್ಲೂ ಪಿಎಂ 2.5 ಹೆಚ್ಚಿದ ಕಡೆ ಇಜಿಎಫ್‌ಆರ್ ಬಗೆಯ ಕ್ಯಾನ್ಸರ್ ಹೆಚ್ಚಿತ್ತು.

ದೂಳು ಉರಿಯೂತವನ್ನಷ್ಟೇ ಎಬ್ಬಿಸುತ್ತದೆ, ಡಿಎನ್‌ಎ ಕೆಡಿಸುವುದಿಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. ಧೂಮಪಾನ ಮಾಡದ 871 ಜನರ ಗೆಡ್ಡೆಗಳ ಪೂರ್ಣ ಜೀನೋಮ್ ಓದಿದ ‘ಶರ್ಲಾಕ್-ಲಂಗ್’ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಮಲಿನ ಗಾಳಿಯ ಊರುಗಳವರ ಗೆಡ್ಡೆಗಳಲ್ಲಿ ಡಿಎನ್‌ಎ ಗೀರುಗಳೂ ಹೆಚ್ಚು, ಕೋಶ ಅಂಕೆ ಮೀರದಂತೆ ತಡೆಯುವ ಟಿಪಿ53 ಜೀನ್‌ನ ದೋಷವೂ ಹೆಚ್ಚು ಎಂದು ಅದು ಕಂಡುಕೊಂಡಿತು. ನನ್ನ ಅಭಿಪ್ರಾಯದಲ್ಲಿ ಎರಡೂ ನಡೆಯುತ್ತವೆ. ಆರಂಭಕ್ಕೆ ಉರಿಯೂತ ಮುಖ್ಯ, ಮುಂದಿನ ಹೆಜ್ಜೆಗಳಿಗೆ ಡಿಎನ್‌ಎ ಹಾನಿಯೂ ಸೇರಿಕೊಳ್ಳುತ್ತದೆ.

ಮೊಳೆತ ಮೇಲೆ ಸೂಕ್ಷ್ಮದರ್ಶಕದಲ್ಲಿ ನಾಲ್ಕು ಮೆಟ್ಟಿಲು ಕಾಣುತ್ತವೆ. ಮೊದಲನೆಯದು ಎಎಎಚ್, ಅಂದರೆ ಎಟಿಪಿಕಲ್ ಅಡಿನೋಮ್ಯಾಟಸ್ ಹೈಪರ್‌ಪ್ಲೇಸಿಯ. ಸಾಮಾನ್ಯವಾಗಿ 5 ಮಿ.ಮೀ. ಒಳಗಿರುತ್ತದೆ, ವಿಕಾರಗೊಂಡ ಕೋಶಗಳು ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ, ನಡುನಡುವೆ ಸಂದಿ ಬಿಟ್ಟು ಕೂತಿರುತ್ತವೆ. ಎರಡನೆಯದು ಎಐಎಸ್, ಅಡಿನೋಕಾರ್ಸಿನೋಮ ಇನ್ ಸಿಟು. ಸಂದಿಗಳು ಮುಚ್ಚಿ ಸಾಲು ಒತ್ತೊತ್ತಾಗುತ್ತದೆ, ಆದರೂ ಕೋಶಗಳು ಗೋಡೆಯ ಮೇಲೆಯೇ ಹಬ್ಬಿರುತ್ತವೆ, ಗೋಡೆಯನ್ನು ತೂರಿರುವುದಿಲ್ಲ. ಹೀಗೆ ಹಬ್ಬುವ ಬಗೆಗೆ ಲೆಪಿಡಿಕ್ ಎಂದು ಹೆಸರು. 3 ಸೆಂ.ಮೀ. ವರೆಗೆ ಬೆಳೆದರೂ, ಪೂರ್ತಿ ಲೆಪಿಡಿಕ್ ಆಗಿಯೇ ಉಳಿದಿದ್ದರೆ, ಅದು ಎಐಎಸ್. ಮೂರನೆಯದು ಎಂಐಎ, ಅಂದರೆ ತುಸುವೇ ಒಳನುಗ್ಗಿದ ಕ್ಯಾನ್ಸರ್: ಒಳನುಗ್ಗಿದ ಭಾಗ 5 ಮಿ.ಮೀ. ಅಥವಾ ಕಡಿಮೆ. ಅದಕ್ಕಿಂತ ಹೆಚ್ಚಾದರೆ ನಾಲ್ಕನೆಯ ಮೆಟ್ಟಿಲು, ಪೂರ್ಣ ಒಳನುಗ್ಗಿದ ಅಡಿನೋಕಾರ್ಸಿನೋಮ.

ಈ ವಿಂಗಡಣೆ ಬಂದದ್ದು 2011ರಲ್ಲಿ. ಅದಕ್ಕೂ ಮೊದಲು ಇವನ್ನೆಲ್ಲ ಬ್ರಾಂಕಿಯೋಲೋ ಆಲ್ವಿಯೋಲಾರ್ ಕಾರ್ಸಿನೋಮ ಎಂಬ ಒಂದೇ ಗೋಣಿಗೆ ತುಂಬುತ್ತಿದ್ದರು. ಹಳೆಯ ವರದಿಯಲ್ಲಿ ಆ ಹೆಸರು ಕಂಡರೆ ಗಾಬರಿಯಾಗಬೇಡಿ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಂತೂ ಎಐಎಸ್ ಅನ್ನು ಎಎಎಚ್ ಜೊತೆಗೆ ‘ಪೂರ್ವಸ್ಥಿತಿ’ಗಳ ಸಾಲಿಗೆ ಸೇರಿಸಿತು. ಇದು ಬರೀ ಹೆಸರಿನ ಚರ್ಚೆಯಲ್ಲ. ಎಐಎಸ್ ಅಥವಾ ಎಂಐಎ ಹಂತದಲ್ಲಿ ಪೂರ್ತಿಯಾಗಿ ತೆಗೆದವರಲ್ಲಿ ಐದು ವರ್ಷಗಳ ಹೊತ್ತಿಗೆ ಆ ಕ್ಯಾನ್ಸರಿನಿಂದ ಸಾಯುವವರು ಇಲ್ಲವೆಂದೇ ಹೇಳಬಹುದು. ಹಾಗಾಗಿ ನಿಜವಾದ ಗಡಿ ಇರುವುದು ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲ ನಡುವೆ. ಗಂಟಿನ ಒಟ್ಟು ಅಳತೆಗಿಂತ ಒಳನುಗ್ಗಿದ ಭಾಗದ ಅಳತೆ ಮುಖ್ಯವಾಗುವುದು ಇದಕ್ಕೇ. ಕ್ಯಾನ್ಸರಿನ ಹಂತ ಹೇಳುವ ಟಿಎನ್‌ಎಂ ಪದ್ಧತಿಯೂ, 2017ರಲ್ಲಿ ಜಾರಿಗೆ ಬಂದ ಎಂಟನೇ ಆವೃತ್ತಿಯಿಂದ, ಮಸುಕು ಭಾಗವನ್ನು ಬಿಟ್ಟು ಗಟ್ಟಿ ಭಾಗವನ್ನಷ್ಟೇ ಅಳೆದು ‘ಟಿ’ ಹಂತ, ಅಂದರೆ ಗೆಡ್ಡೆಯ ಹಂತ, ಗೊತ್ತುಮಾಡುತ್ತದೆ.

ಆ ಗಡಿ ದಾಟುವಾಗ ಒಳಗೆ ನಡೆಯುವುದೇನು? ಟೈಪ್-2 ಕೋಶಗಳು ಒಂದು ತೆಳ್ಳನೆಯ ತಳಪೊರೆಯ ಮೇಲೆ ಕೂತಿರುತ್ತವೆ. ನಾಲ್ಕನೇ ಬಗೆಯ ಕೊಲಾಜೆನ್ ಮತ್ತು ಲ್ಯಾಮಿನಿನ್‌ನಿಂದ ನೇಯ್ದ ಜಾಲ ಅದು. ಅದರ ಕೆಳಗೆ ಗಾಳಿಚೀಲವನ್ನು ಹಿಗ್ಗಿಸಿ ಕುಗ್ಗಿಸುವ ಇಲಾಸ್ಟಿನ್ ಎಳೆಗಳ ಚೌಕಟ್ಟು. ತಳಪೊರೆ ಇರುವ ತನಕ ಕ್ಯಾನ್ಸರ್ ಕೋಶಕ್ಕೆ ದುಗ್ಧನಾಳವಾಗಲಿ ರಕ್ತನಾಳವಾಗಲಿ ಕೈಗೆಟುಕುವುದಿಲ್ಲ, ಹರಡಲು ದಾರಿಯೇ ಇಲ್ಲ. ಕೋಶಗಳು ಒತ್ತೊತ್ತಾಗಿ ಗೋಡೆ ದಪ್ಪವಾಗುತ್ತಾ ಗಾಳಿಚೀಲಗಳು ಮಡಚಿಕೊಳ್ಳುತ್ತವೆ, ಗಂಟಿನ ನಡುಭಾಗ ಕುಸಿಯುತ್ತದೆ. ಕುಸಿದಲ್ಲಿ ನಾರು ನೇಯುವ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳು ಎಚ್ಚೆತ್ತು ಮಯೋಫೈಬ್ರೋಬ್ಲಾಸ್ಟ್‌ಗಳಾಗಿ ಹೊಸ ಕೊಲಾಜೆನ್ ಸುರಿಯುತ್ತವೆ. ಮೆಟಲೋಪ್ರೋಟಿಯೇಸ್ ಕಿಣ್ವಗಳು ತಳಪೊರೆಯನ್ನು ಕತ್ತರಿಸುತ್ತವೆ, ಇಲಾಸ್ಟಿನ್ ಎಳೆಗಳು ತುಂಡಾಗುತ್ತವೆ. ಗಾಯ ಮಾಯುವಾಗ ದೇಹ ಮಾಡುವ ಕೆಲಸಗಳೇ ಇವು, ಇಲ್ಲಿ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತವೆ. ಕುಸಿದ ಜಾಗದಲ್ಲಿ ಗಾಳಿ ಉಳಿಯದ್ದರಿಂದ ಸಿಟಿಯಲ್ಲಿ ಬೂದಿಯ ನಡುವೆ ಬಿಳಿ ಚುಕ್ಕೆ ಮೂಡುತ್ತದೆ. ಜಪಾನಿನ ರೋಗಶಾಸ್ತ್ರಜ್ಞ ನೊಗುಚಿ 1995ರಲ್ಲೇ ಇದನ್ನು ಗುರುತಿಸಿದ್ದರು: ಬರೀ ಹಬ್ಬಿದ ಅಥವಾ ಹಬ್ಬಿ ಕುಸಿದಷ್ಟೇ ಇದ್ದ ಸಣ್ಣ ಗೆಡ್ಡೆಗಳನ್ನು ತೆಗೆದವರೆಲ್ಲರೂ ಐದು ವರ್ಷ ದಾಟಿ ಬದುಕಿದ್ದರು; ನಡುವೆ ಫೈಬ್ರೋಬ್ಲಾಸ್ಟ್‌ಗಳು ಹೆಚ್ಚಿದ ಗೆಡ್ಡೆಯವರಲ್ಲಿ ಆ ಪ್ರಮಾಣ ಸುಮಾರು ಶೇ. 75ಕ್ಕೆ ಇಳಿದಿತ್ತು.

ಜೀನ್‌ಗಳ ಕಡೆಯಿಂದ ನೋಡಿದರೆ, ಇಜಿಎಫ್‌ಆರ್ ದೋಷ ಎಐಎಸ್ ಹಂತದಲ್ಲೇ ಸಿಗುತ್ತದೆ. ಒಳನುಗ್ಗಿದ ಹಂತದಲ್ಲಿ ಹೆಚ್ಚಾಗಿ ಕಾಣುವುದು ಟಿಪಿ53 ದೋಷ, ಕ್ರೋಮೋಸೋಮಿನ ತೋಳುಗಳೇ ಕಳೆದುಹೋಗುವುದು ಅಥವಾ ಇಮ್ಮಡಿಯಾಗುವುದು, ಕೆಲವೊಮ್ಮೆ ಇಡೀ ಜೀನೋಮ್ ಇಮ್ಮಡಿಯಾಗುವುದು. ಜೊತೆಗೆ ರೋಗನಿರೋಧಕ ಪಹರೆ ಸಡಿಲವಾಗುತ್ತದೆ: ಕೊಲ್ಲುವ ಟಿ-ಕೋಶಗಳ ಪ್ರಭಾವ ತಗ್ಗಿ ಅವನ್ನು ಸುಮ್ಮನಿರಿಸುವ ಟಿ-ಕೋಶಗಳು ಹೆಚ್ಚುತ್ತವೆ, ಕೆಲವು ಗೆಡ್ಡೆಗಳು ತಮ್ಮ ಗುರುತು ತೋರಿಸುವ ಎಚ್‌ಎಲ್‌ಎ ಜೀನ್‌ನ ಒಂದು ಪ್ರತಿಯನ್ನೇ ಕಳೆದುಕೊಳ್ಳುತ್ತವೆ. ಇಷ್ಟೆಲ್ಲ ಒಂದೇ ಕೋಶಸಮೂಹದಲ್ಲಿ ಕೂಡಿಬರಲು ವರ್ಷಗಳೇ ಬೇಕು, ಎಷ್ಟೋ ಗಂಟುಗಳಲ್ಲಿ ಕೂಡಿಬರುವುದೇ ಇಲ್ಲ.

ವೇಗದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಜಪಾನಿನ ಒಂದು ಹಳೆಯ ಅಧ್ಯಯನದಲ್ಲಿ ಬರೀ ಮಸುಕು ಇರುವ ಕ್ಯಾನ್ಸರ್ ಗಂಟಿನ ಘನಗಾತ್ರ ಇಮ್ಮಡಿಯಾಗಲು ಸರಾಸರಿ 813 ದಿನ ಬೇಕಾಗಿತ್ತು, ಪೂರ್ತಿ ಗಟ್ಟಿ ಗಂಟಿಗೆ 149 ದಿನ. ಘನಗಾತ್ರ ಇಮ್ಮಡಿಯಾದರೆ ವ್ಯಾಸ ಹೆಚ್ಚುವುದು ಶೇ. 26 ಮಾತ್ರ. ಈ ವೇಗದಲ್ಲಿ ನಿಮ್ಮ ತಾಯಿಯ 9 ಮಿ.ಮೀ. ಗಂಟು ಆರು ತಿಂಗಳ ನಂತರ ಸುಮಾರು 9.5 ಮಿ.ಮೀ. ಆಗಬಹುದು. ಸಿಟಿ ಅಳತೆಯಲ್ಲಿ ಒಂದೂವರೆ ಮಿ.ಮೀ. ಹೆಚ್ಚುಕಡಿಮೆ ಸಹಜ, ಹಾಗಾಗಿ 2 ಮಿ.ಮೀ. ಬೆಳೆದರೆ ಮಾತ್ರ ಬೆಳವಣಿಗೆ ಎಂದು ಒಪ್ಪುವುದು. ‘ಒಂದೇ ತಿಂಗಳಲ್ಲಿ ಮತ್ತೆ ನೋಡಿಬಿಡಿ’ ಎಂದು ಒತ್ತಾಯಿಸಿದರೆ ಹಣ ಮತ್ತು ವಿಕಿರಣ ದಂಡ, ಸಿಗುವ ಮಾಹಿತಿ ಏನೂ ಇಲ್ಲ. ಅದೇ 9 ಮಿ.ಮೀ. ಗಂಟು ಪೂರ್ತಿ ಗಟ್ಟಿಯಾಗಿದ್ದು 149 ದಿನಗಳ ವೇಗದಲ್ಲಿದ್ದರೆ ಆರು ತಿಂಗಳಲ್ಲಿ 12 ಮಿ.ಮೀ. ಹತ್ತಿರ ಬರುತ್ತಿತ್ತು. ಗಟ್ಟಿ ಗಂಟಿಗೆ ಈ ಉತ್ತರದ ಸಮಾಧಾನ ಅನ್ವಯಿಸುವುದಿಲ್ಲ.

ಜಪಾನಿನಲ್ಲೇ ಕಾಕಿನುಮಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಬಹುಕೇಂದ್ರ ಅಧ್ಯಯನ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. 795 ಜನರ 1,229 ಮಸುಕು ಗಂಟುಗಳನ್ನು ಸರಾಸರಿ ನಾಲ್ಕು ವರ್ಷಕ್ಕೂ ಮೇಲೆ ಗಮನಿಸಿದರು. ಅವುಗಳಲ್ಲಿ 1,046 ಶುರುವಿನಲ್ಲಿ ಪೂರ್ತಿ ಮಸುಕಾಗಿದ್ದವು. 56ರಲ್ಲಿ ಮಾತ್ರ ಗಟ್ಟಿ ಭಾಗ ಮೂಡಿತು, ಅದಕ್ಕೆ ಹಿಡಿದದ್ದು ಸರಾಸರಿ 3.8 ವರ್ಷ. ಆಪರೇಷನ್ ಮಾಡಿ ತೆಗೆದವುಗಳಲ್ಲಿ ಪೂರ್ಣ ಒಳನುಗ್ಗಿದ ಕ್ಯಾನ್ಸರ್ ಸಿಕ್ಕಿದ್ದು 12ರಲ್ಲಿ. ಆ ಹನ್ನೆರಡೂ ಗಟ್ಟಿ ಭಾಗವಿದ್ದ ಗಂಟುಗಳೇ. ನಾವು ಕಾಯುತ್ತಿರುವುದು ಯಾವುದಕ್ಕೆ ಎಂದರೆ ಈ ಗಟ್ಟಿ ಭಾಗಕ್ಕೆ.

ಎಲ್ಲ ಕ್ಯಾನ್ಸರೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. 2021ರಲ್ಲಿ ಶರ್ಲಾಕ್-ಲಂಗ್ ತಂಡವೇ 232 ಧೂಮಪಾನ ಮಾಡದವರ ಗೆಡ್ಡೆಗಳನ್ನು ಓದಿ ಮೂರು ಗುಂಪು ಮಾಡಿ, ಪಾಶ್ಚಾತ್ಯ ಸಂಗೀತದ ದನಿಯ ಏರಿಳಿತದ ಹೆಸರು ಕೊಟ್ಟಿತು. ಪಿಯಾನೊ ಎಂದರೆ ಮೆಲುದನಿ: ದೋಷಗಳು ಕಡಿಮೆ, ವರ್ಷಗಟ್ಟಲೆ ನಿಧಾನ ಬೆಳವಣಿಗೆ. ಮೆಟ್ಸೊ-ಫೋರ್ಟೆ ಗುಂಪಿನಲ್ಲಿ ಇಜಿಎಫ್‌ಆರ್ ದೋಷ ಹೆಚ್ಚು, ಬೆಳವಣಿಗೆಯೂ ಚುರುಕು. ಫೋರ್ಟೆಯಲ್ಲಿ ಇಡೀ ಜೀನೋಮ್ ಇಮ್ಮಡಿಯಾಗಿರುತ್ತದೆ, ವೇಗವೂ ಹೆಚ್ಚು. ಎಎಲ್‌ಕೆ ಬೆಸುಗೆಯ ಗೆಡ್ಡೆಗಳು ಸಾಮಾನ್ಯವಾಗಿ ಗಟ್ಟಿ ಗಂಟಾಗಿಯೇ ಕಾಣಿಸಿಕೊಳ್ಳುತ್ತವೆ, ಚಿಕ್ಕದಿರುವಾಗಲೇ ದುಗ್ಧಗ್ರಂಥಿಗೆ ಹೋಗುವುದೂ ಉಂಟು. ಸಿಗರೇಟು ಸೇದದವರ ಕ್ಯಾನ್ಸರ್ ಸೌಮ್ಯ ಎಂಬ ಮಾತು ಮಸುಕು ಗಂಟಿಗೆ ಒಪ್ಪುತ್ತದೆ, ಎಲ್ಲಕ್ಕೂ ಅಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಸೇದದ ಹೆಂಗಸು, ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಎಂದ ಕೂಡಲೇ ಕ್ಷಯದ ಮಾತ್ರೆ ಶುರುಮಾಡಿಬಿಡುವುದು. ಕ್ಷಯ ಇದ್ದಲ್ಲಿ ಸಾಮಾನ್ಯವಾಗಿ ಸುತ್ತ ಸಣ್ಣ ಚುಕ್ಕೆಗಳ ಗೊಂಚಲು, ಪೊಳ್ಳು ಕುಳಿ, ಜ್ವರ, ತೂಕ ಇಳಿಕೆ ಇರುತ್ತವೆ. ಒಂಟಿಯಾದ, ದುಂಡಗಿನ, ತಿಂಗಳುಗಟ್ಟಲೆ ಕದಲದ ಮಸುಕು ಗಂಟು ಕ್ಷಯದ ಲಕ್ಷಣವಲ್ಲ. ಕಫದಲ್ಲಿ ಬ್ಯಾಕ್ಟೀರಿಯಾ ಸಿಗದೆ, ಬಯಾಪ್ಸಿಯ ಆಧಾರವೂ ಇಲ್ಲದೆ ಆರು ತಿಂಗಳ ಕ್ಷಯ ಚಿಕಿತ್ಸೆ ಕೊಟ್ಟರೆ, ಒಂದು ವೇಳೆ ಅದು ಗಟ್ಟಿ ಗಂಟಾಗಿದ್ದಲ್ಲಿ, ಆ ಆರು ತಿಂಗಳೇ ದುಬಾರಿಯಾಗುತ್ತದೆ.

ಈಗ ನೀವು ಮಾಡಬೇಕಾದ್ದು. ಮೊದಲ ಸ್ಕ್ಯಾನ್ ಯಾವ ದಪ್ಪದ ಪದರಗಳಲ್ಲಿ ತೆಗೆದದ್ದು ಎಂದು ವಿಚಾರಿಸಿ. 5 ಮಿ.ಮೀ. ಪದರದಲ್ಲಿ ಪುಟ್ಟ ಗಟ್ಟಿ ಗಂಟೂ ಸುತ್ತಲಿನ ಗಾಳಿಯ ಜೊತೆ ಬೆರೆತು ಮಸುಕಾಗಿ ಕಾಣಬಹುದು. ‘ಪ್ಯೂರ್’ ಎಂಬ ಪದವನ್ನು ನಂಬಬೇಕಾದರೆ 1 ಮಿ.ಮೀ. ಪದರ ಬೇಕು. ಹೆಚ್ಚಿನ ಯಂತ್ರಗಳಲ್ಲಿ ಹಳೆಯ ದತ್ತಾಂಶದಿಂದಲೇ ತೆಳು ಪದರ ಮತ್ತೆ ಮಾಡಿಕೊಡಲು ಸಾಧ್ಯ, ಆದರೆ ಆ ದತ್ತಾಂಶವನ್ನು ಕೆಲವೇ ದಿನ ಇಟ್ಟು ಅಳಿಸಿಬಿಡುತ್ತಾರೆ. ಹಾಗಾಗಿ ಈ ವಾರವೇ ಕೇಳಿ. ಫಿಲ್ಮ್ ಸಾಲದು, ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಮೂಲ ಚಿತ್ರಗಳನ್ನೇ ತೆಗೆದುಕೊಳ್ಳಿ. ಮುಂದಿನ ಸ್ಕ್ಯಾನ್ ಅದೇ ಯಂತ್ರದಲ್ಲಿ, ತೆಳು ಪದರದಲ್ಲಿ, ಪೂರ್ತಿ ಉಸಿರು ಎಳೆದು ಹಿಡಿದಾಗ, ಕಾಂಟ್ರಾಸ್ಟ್ ಚುಚ್ಚುಮದ್ದಿಲ್ಲದೆ ಆಗಲಿ. ಉಸಿರು ಅರ್ಧ ಬಿಟ್ಟಾಗ ತೆಗೆದರೆ ಶ್ವಾಸಕೋಶವೇ ಮಸುಕಾಗಿ ಗಂಟು ದಟ್ಟವಾದಂತೆ ಕಾಣುತ್ತದೆ. ಕಡಿಮೆ ವಿಕಿರಣದ ಸಿಟಿ ಇದಕ್ಕೆ ಸಾಕು, ಸುಮಾರು 1ರಿಂದ 1.5 ಮಿಲಿಸೀವರ್ಟ್.

ಅಂತರರಾಷ್ಟ್ರೀಯವಾಗಿ ಬಳಸುವ, ಎದೆಯ ಸ್ಕ್ಯಾನ್ ತಜ್ಞರ ಫ್ಲೈಶ್ನರ್ ಸಂಘದ 2017ರ ಸೂಚಿಯಂತೆ 6 ಮಿ.ಮೀ. ಅಥವಾ ಹೆಚ್ಚಿನ ಪೂರ್ತಿ ಮಸುಕು ಗಂಟಿಗೆ 6ರಿಂದ 12 ತಿಂಗಳಲ್ಲಿ ಒಂದು ಸ್ಕ್ಯಾನ್, ನಂತರ ಎರಡು ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷ. ಗಟ್ಟಿ ಭಾಗ ಇದ್ದರೆ 3ರಿಂದ 6 ತಿಂಗಳಲ್ಲಿ ಒಮ್ಮೆ. ಅದು 6 ಮಿ.ಮೀ. ಒಳಗೇ ನಿಂತಿದ್ದರೆ ವರ್ಷಕ್ಕೊಮ್ಮೆ ಐದು ವರ್ಷ; 6 ಅಥವಾ ಹೆಚ್ಚಿದ್ದರೆ ಅದನ್ನು ಬಹಳ ಅನುಮಾನದಿಂದಲೇ ನೋಡಬೇಕು. ಐದು ವರ್ಷದ ನಂತರವೂ ಬೆಳೆಯುವ ಗಂಟುಗಳು ಇರುವುದರಿಂದ, ತಾಯಿ ಆರೋಗ್ಯವಾಗಿದ್ದರೆ ಅಲ್ಲಿಗೇ ನಿಲ್ಲಿಸದೆ ಮುಂದುವರಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಪ್ರತಿ ಸಲವೂ ತೀರಾ ಮೊದಲ ಸ್ಕ್ಯಾನ್ ಜೊತೆ ಹೋಲಿಸಲು ಹೇಳಿ. ಹಿಂದಿನದರ ಜೊತೆ ಮಾತ್ರ ಹೋಲಿಸುತ್ತಾ ಹೋದರೆ ಪ್ರತಿ ಸಲ 1 ಮಿ.ಮೀ., ‘ಬದಲಾವಣೆ ಇಲ್ಲ’ ಎಂದೇ ಬರುತ್ತದೆ. ನಾಲ್ಕು ಸಲ ಕಳೆದರೆ 4 ಮಿ.ಮೀ. ಬೆಳೆದಿರುತ್ತದೆ. ಗಂಟು ಹಿಗ್ಗದೆ ದಟ್ಟವಾಗುವುದು, ಕೆಲವೊಮ್ಮೆ ಒಟ್ಟು ಅಳತೆ ಕುಗ್ಗಿ ನಡುವೆ ಬಿಳಿ ಚುಕ್ಕೆ ಮೂಡುವುದೂ ಉಂಟು. ಅದು ಕುಸಿತ, ಗುಣವಲ್ಲ.

ಈ ಹಂತದಲ್ಲಿ ಪೆಟ್ ಸ್ಕ್ಯಾನ್ ಬೇಡ. ನಿಧಾನ ಬೆಳೆಯುವ ಕೋಶಗಳು ಸಕ್ಕರೆಯನ್ನು ಕಡಿಮೆ ಹೀರುವುದರಿಂದ ಮಸುಕು ಗಂಟು ಪೆಟ್‌ನಲ್ಲಿ ಮಿನುಗುವುದಿಲ್ಲ, ಹಾಗಂತ ಕ್ಯಾನ್ಸರ್ ಇಲ್ಲವೆಂದೂ ಹೇಳಲಾಗದು. ಕ್ಯಾನ್ಸರಿನ ಸುಳಿವು ಹುಡುಕುವ ಸಿಇಎ ರಕ್ತಪರೀಕ್ಷೆ, ರಕ್ತದಲ್ಲಿ ಜೀನ್ ಹುಡುಕುವ ದುಬಾರಿ ಪರೀಕ್ಷೆ ಎರಡೂ ಇಲ್ಲಿ ನಿರುಪಯೋಗಿ. 9 ಮಿ.ಮೀ. ಮಸುಕಿಗೆ ಸೂಜಿ ಚುಚ್ಚಿದರೂ ಸಿಗುವುದು ಸಾಸಿವೆ ಕಾಳಿಗಿಂತ ಸಣ್ಣ ತುಣುಕು, ಅದರಲ್ಲಿ ಒಳನುಗ್ಗಿದ ಜಾಗವೇ ಬರಬೇಕೆಂದಿಲ್ಲ. ಇಜಿಎಫ್‌ಆರ್ ತಡೆಯುವ ಮಾತ್ರೆ ಕೊಟ್ಟು ಗಂಟನ್ನು ಕರಗಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಆ ಮಾತ್ರೆಗೆ ಈ ಹಂತದಲ್ಲಿ ಸ್ಥಾನವಿಲ್ಲ.

ಮುಂದೊಂದು ದಿನ ಗಟ್ಟಿ ಭಾಗ ಮೂಡಿದರೆ ಆಪರೇಷನ್ ಮಾತು ಬರುತ್ತದೆ. ಇಡೀ ಹಾಲೆಯನ್ನು ತೆಗೆಯಬೇಕೆಂಬ ಹಳೆಯ ನಿಯಮ ಸಣ್ಣ ಗಂಟಿಗೆ ಈಗಿಲ್ಲ. ಗಂಟು 2 ಸೆಂ.ಮೀ. ಒಳಗಿದ್ದು, ಗಟ್ಟಿ ಭಾಗ ಕಾಲು ಪಾಲು ಮೀರದಿದ್ದರೆ, ಅದರ ಸುತ್ತಲಿನ ಭಾಗವನ್ನಷ್ಟೇ ತೆಗೆದ ಜಪಾನಿನ ಜೆಸಿಒಜಿ 0804 ಪ್ರಯೋಗದಲ್ಲಿ ಐದು ವರ್ಷಕ್ಕೆ ಶೇ. 99.7 ಜನರಲ್ಲಿ ರೋಗ ಮರಳಿರಲಿಲ್ಲ. ಗಟ್ಟಿ ಭಾಗ ಅರ್ಧಕ್ಕಿಂತ ಹೆಚ್ಚಿದ್ದ 2 ಸೆಂ.ಮೀ. ಒಳಗಿನ ಗಂಟುಗಳಲ್ಲೂ, ಹಾಲೆಯ ಒಂದು ಸೆಗ್ಮೆಂಟ್ ಮಾತ್ರ ತೆಗೆದವರ ಐದು ವರ್ಷದ ಬದುಕುಳಿಕೆ ಶೇ. 94.3, ಇಡೀ ಹಾಲೆ ತೆಗೆದವರದು ಶೇ. 91.1 ಎಂದು 2022ರಲ್ಲಿ ಪ್ರಕಟವಾಯಿತು. ಸರ್ಜನ್‌ರನ್ನು ಒಂದು ಪ್ರಶ್ನೆ ಖಂಡಿತ ಕೇಳಿ: ಗಂಟನ್ನು ಹುಡುಕುವುದು ಹೇಗೆ? ಮಸುಕು ಗಂಟು ಬೆರಳಿಗೆ ಸಿಗುವುದಿಲ್ಲ, ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್‌ನಲ್ಲಂತೂ ಕಾಣುವುದೂ ಇಲ್ಲ. ಮೊದಲೇ ಸಿಟಿ ನೋಡಿಕೊಂಡು ತಂತಿಯ ಕೊಕ್ಕೆ ಅಥವಾ ಬಣ್ಣದಿಂದ ಗುರುತು ಹಾಕುವ ವ್ಯವಸ್ಥೆ ಇಲ್ಲದಿದ್ದರೆ ಅಂದಾಜಿನ ಮೇಲೆ ಹೆಚ್ಚು ಕತ್ತರಿಸಬೇಕಾಗುತ್ತದೆ, ಅಥವಾ ಗಂಟೇ ಒಳಗೆ ಉಳಿದುಬಿಡುತ್ತದೆ.

ಪೆಥಾಲಜಿ ವರದಿಯಲ್ಲೂ ಎಡವಟ್ಟಾಗುವ ಜಾಗಗಳಿವೆ. ತೆಗೆದ ತುಂಡಿಗೆ ಫಾರ್ಮಲಿನ್ ತುಂಬಿಸಿ ಹಿಗ್ಗಿಸದಿದ್ದರೆ ಗಾಳಿಚೀಲಗಳು ಮಡಚಿಕೊಂಡು, ಒಳನುಗ್ಗದಿದ್ದರೂ ನುಗ್ಗಿದಂತೆ ಕಾಣುತ್ತವೆ. ಇಡೀ ಗಂಟನ್ನು ಪರೀಕ್ಷಿಸದೆ ಒಂದೆರಡು ಚೂರು ನೋಡಿ ಎಐಎಸ್ ಎಂದು ಬರೆಯುವಂತಿಲ್ಲ. ಒಳನುಗ್ಗಿದ ಜಾಗಗಳು ಚದುರಿದ್ದರೆ ಶೇಕಡಾವಾರು ಲೆಕ್ಕ: 18 ಮಿ.ಮೀ. ಗಂಟಿನಲ್ಲಿ ಶೇ. 20 ಒಳನುಗ್ಗಿದ್ದರೆ 3.6 ಮಿ.ಮೀ., ಅಂದರೆ ಎಂಐಎ, ಶೇ. 30 ಆದರೆ 5.4 ಮಿ.ಮೀ., ಪೂರ್ಣ ಒಳನುಗ್ಗಿದ ಕ್ಯಾನ್ಸರ್. ಒಳನುಗ್ಗಿದ್ದರೆ ಅದರ ವಿನ್ಯಾಸವನ್ನೂ ನೋಡಿ. ಮೈಕ್ರೊಪ್ಯಾಪಿಲರಿ, ಸಾಲಿಡ್‌ನಂಥ ಉಗ್ರ ವಿನ್ಯಾಸಗಳು ಶೇ. 20 ಅಥವಾ ಹೆಚ್ಚಿದ್ದರೆ ಮೂರನೇ ದರ್ಜೆ, ಅಂದರೆ ಅತಿ ಉಗ್ರ. ಕ್ಯಾನ್ಸರ್ ಕೋಶಗಳು ಗೆಡ್ಡೆಯ ಅಂಚಿನಾಚೆಯ ಗಾಳಿಚೀಲಗಳಲ್ಲಿ ತೇಲುತ್ತಿದ್ದರೆ ಅದನ್ನು ಎಸ್‌ಟಿಎಎಸ್ ಎಂದು ಬರೆಯುತ್ತಾರೆ. ಸಣ್ಣ ಭಾಗವನ್ನಷ್ಟೇ ತೆಗೆದವರಲ್ಲಿ ಇದು ಮರುಕಳಿಸುವಿಕೆಯ ಸೂಚನೆ.

ಒಲೆಯ ಹೊಗೆಯ ಬಗ್ಗೆ ನೀವು ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನು ಖಚಿತ ಕ್ಯಾನ್ಸರ್‌ಕಾರಕವೆಂದೂ ಸೌದೆ ಹೊಗೆಯನ್ನು ಬಹುಮಟ್ಟಿಗೆ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿದೆ. ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್ವೇ ಪ್ರದೇಶದಲ್ಲಿ, ಹೆಚ್ಚು ಹೊಗೆ ಬಿಡುವ ಕಲ್ಲಿದ್ದಲಿನಲ್ಲಿ ಅಡುಗೆ ಮಾಡುವ, ಸಿಗರೇಟು ಸೇದದ ಹೆಂಗಸರಲ್ಲಿ ಈ ಕ್ಯಾನ್ಸರ್ ವಿಪರೀತವಾಗಿತ್ತು. ಒಲೆಗೆ ಹೊಗೆಕೊಳವೆ ಹಾಕಿಸಿದ ಮನೆಗಳಲ್ಲಿ ವರ್ಷಗಳ ನಂತರ ಅಪಾಯ ಇಳಿಯಿತು. ತಾಯಿ ಈಗಲೂ ನೀರು ಕಾಯಿಸಲು ಹಂಡೆ ಒಲೆ ಉರಿಸುತ್ತಿದ್ದರೆ ಅದನ್ನು ನಿಲ್ಲಿಸಿ. ಉರಿಯೂತದ ಸಂಕೇತಕ್ಕೆ ಇಂಧನ ಕಡಿಮೆ ಮಾಡುವುದು ಮನೆಯವರ ಕೈಯಲ್ಲೇ ಇದೆ.

ಇನ್ನು ಮಕ್ಕಳ ಸ್ಕ್ಯಾನ್. ತೈವಾನಿನ ಟ್ಯಾಲೆಂಟ್ ಅಧ್ಯಯನದಲ್ಲಿ ಸಿಗರೇಟು ಸೇದದ, ಆದರೆ ಬೇರೆ ಅಪಾಯಗಳಿದ್ದ 55ರಿಂದ 75 ವಯಸ್ಸಿನ 12,011 ಜನರಿಗೆ ಸಿಟಿ ಮಾಡಿದಾಗ ಶೇ. 2.6 ಜನರಲ್ಲಿ ಕ್ಯಾನ್ಸರ್ ಸಿಕ್ಕಿತು, ಹತ್ತಿರದ ಸಂಬಂಧಿಗೆ ಶ್ವಾಸಕೋಶ ಕ್ಯಾನ್ಸರ್ ಬಂದಿದ್ದವರಲ್ಲಿ ಹೆಚ್ಚು. ಆದರೆ ಅದೇ ತೈವಾನಿನಲ್ಲಿ 2004ರಿಂದ 2018ರ ನಡುವೆ ಮಹಿಳೆಯರಲ್ಲಿ ಆರಂಭದ ಹಂತದ ಕ್ಯಾನ್ಸರ್ ಪತ್ತೆ ಸುಮಾರು ಆರು ಪಟ್ಟಾದರೂ ಮುಂದುವರಿದ ಹಂತದ ಪ್ರಕರಣಗಳು ಇಳಿಯಲಿಲ್ಲ. ಎಂದೂ ಗಡಿ ದಾಟದಿದ್ದ ಎಷ್ಟೋ ಗಂಟುಗಳನ್ನು ಹುಡುಕಿ ಕತ್ತರಿಸಿದ್ದಾರೆ ಎಂದೇ ಇದರ ಅರ್ಥ. ತಾಯಿಗೆ ಇನ್ನೂ ಕ್ಯಾನ್ಸರ್ ಖಚಿತವಾಗಿಲ್ಲ, ನೀವು ಮೂವತ್ತರ ಆಸುಪಾಸಿನವರಿರಬೇಕು. ಲಕ್ಷಣಗಳಿಲ್ಲದಿದ್ದರೆ ಈಗ ಸ್ಕ್ಯಾನ್ ಬೇಡ. ಮುಂದೆ ತಾಯಿಯ ಗಂಟು ಕ್ಯಾನ್ಸರ್ ಎಂದೇ ದೃಢವಾದರೆ, ನಿಮಗೆ ಐವತ್ತು ದಾಟಿದ ಮೇಲೆ ಒಮ್ಮೆ ಕಡಿಮೆ ವಿಕಿರಣದ ಸಿಟಿ ಮಾಡಿಸುವ ಬಗ್ಗೆ ಶ್ವಾಸಕೋಶ ತಜ್ಞರ ಜೊತೆ ಮಾತಾಡಿ. ಅಲ್ಲಿಯವರೆಗೆ ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿಕೆ ಕಂಡರೆ ಮಾತ್ರ ವಯಸ್ಸು ನೋಡದೆ ತೋರಿಸಿಕೊಳ್ಳಿ.